ಚಾಮಯ್ಯ ಮೇಷ್ಟ್ರೂ ರಾಮಾಚಾರಿಯೂ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಸಿನಿಮಾದ ವಿಷಯ ಮಾತನಾಡುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ನೃಪತುಂಗನಿಂದ ಹಿಡಿದು ಏಕೀಕರಣದವರೆಗೆ ಹೇಳಬೇಕಾದದ್ದು ಬೇಕಾದಷ್ಟಿದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ಕಾರ್ಯದರ್ಶಿಗಳು ಮಾತ್ರ, "ಗುರುಶಿಷ್ಯರ ವಿಷಯ ಏನಾದರೂ ಹೇಳಿ, ಮಕ್ಕಳೂ ಇರುತ್ತಾರೆ" ಎಂದರು. ಗುರುಶಿಷ್ಯರೆಂದರೆ ದ್ರೋಣನನ್ನೋ ಏಕಲವ್ಯನನ್ನೋ ನೆನೆಯುವುದು ವಾಡಿಕೆ. ನನಗೆ ನೆನಪಾದವರು ಚಿತ್ರದುರ್ಗದ ಚಾಮಯ್ಯ ಮೇಷ್ಟ್ರು ಮತ್ತು ಅವರ ಶಿಷ್ಯ ರಾಮಾಚಾರಿ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರವನ್ನು ನೋಡದ ಹಿರಿಯರು ಇಲ್ಲಿ ಯಾರೂ ಇರಲಾರರು. ನೋಡದ ಕಿರಿಯರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಸ್ವಲ್ಪ ಕಥೆ ಹೇಳಬೇಕಾಗುತ್ತದೆ.

ಆ ಚಿತ್ರ ತೆರೆಕಂಡದ್ದು 1972ರ ಡಿಸೆಂಬರಿನಲ್ಲಿ. ಆಗಿನ್ನೂ ನಮ್ಮ ನಾಡಿನ ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು ಅದಾದ ಹತ್ತು ತಿಂಗಳಿಗೆ, 1973ರ ನವೆಂಬರ್ 1ರಂದು. ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣನವರು ಕಥೆ ಮಾಡಿಕೊಂಡರು. ಹಾಗೆ ಹೆಣೆದದ್ದು ಕಾದಂಬರಿಕಾರರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಜನ ಮಾತ್ರ ಒಪ್ಪಿದರು. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್, ಸಂಭಾಷಣೆ ಚಿ. ಉದಯಶಂಕರ್. ಸಂಪತ್ ಕುಮಾರ್ ಎಂಬ ಇಪ್ಪತ್ತೆರಡರ ಹುಡುಗ ಈ ಚಿತ್ರದಿಂದ ವಿಷ್ಣುವರ್ಧನನಾದ; ಜಲೀಲನೆಂಬ ಪುಂಡನ ಪಾತ್ರದಲ್ಲಿ ಅಂಬರೀಷ್ ಮೊದಲ ಬಾರಿಗೆ ತೆರೆಗೆ ಬಂದರು. ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್, ಅವರ ಮಡದಿ ತುಂಗಮ್ಮನಾಗಿ ಲೀಲಾವತಿ.

ಇನ್ನು ಕಥೆ. ರಾಮಾಚಾರಿ ಒರಟ, ಹಟಮಾರಿ, ಮುಂಗೋಪಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು, ಆ ಅವಮಾನದ ಸೇಡಿಗೆ ರಾತ್ರಿ ಕಾಲೇಜಿನ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿ ಬರುವಂಥ ಆಸಾಮಿ. ತಂದೆಗೆ ಅವನ ಮುಖ ಕಂಡರೆ ಆಗದು. ಊರಿಗೆ ಅವನು ನಾಗರಹಾವು. ಆ ಹಾವು ಹೆಡೆ ಇಳಿಸುವುದು ಒಂದೇ ಮನೆಯ ಹೊಸ್ತಿಲಲ್ಲಿ, ಬಾಲ್ಯದಲ್ಲಿ ಅಕ್ಷರ ಕಲಿಸಿದ ಚಾಮಯ್ಯ ಮೇಷ್ಟ್ರ ಮನೆಯಲ್ಲಿ. ಮಕ್ಕಳಿಲ್ಲದ ಆ ದಂಪತಿಗಳಿಗೆ ಅವನೇ ಮಗ. ಅವನೊಳಗೆ ಒಳ್ಳೆಯದೇನೋ ಇದೆಯೆಂದು ನಂಬಿದವರು ಊರಿನಲ್ಲಿ ಅವರಿಬ್ಬರೇ. ಅಶ್ವತ್ಥರ ಅಭಿನಯದ ಹಿರಿಮೆ ಇರುವುದು ಇಲ್ಲಿ. ಅವರು ಉಪದೇಶ ಮಾಡುವುದಿಲ್ಲ, ಗದರುವುದೂ ಕಡಿಮೆ. ಹೆಸರು ಹಿಡಿದು ಕರೆದರೆ ಸಾಕು, ಬುಸುಗುಟ್ಟುತ್ತಿದ್ದವನು ಸುಮ್ಮನಾಗುತ್ತಾನೆ. ನಮ್ಮ ಕಡೆ ಇಂಥ ಮೇಷ್ಟ್ರುಗಳನ್ನು ಕಂಡವರಿಗೆ ಅದು ನಟನೆಯೆಂದು ಅನಿಸುವುದೇ ಇಲ್ಲ.

ಮುಂದೆ ಏನಾಯಿತು? ವರದನೆಂಬ ಗೆಳೆಯ, ತನ್ನ ತಂಗಿ ಅಲಮೇಲುವನ್ನು ಜಲೀಲನ ಕಾಟದಿಂದ ಪಾರುಮಾಡಿದರೆ ಅವಳನ್ನು ನಿನಗೇ ಕೊಡುತ್ತೇನೆಂದು ಭಾಷೆ ಕೊಡುತ್ತಾನೆ. ರಾಮಾಚಾರಿ ಜಲೀಲನನ್ನು ಬಡಿಯುತ್ತಾನೆ. ಅಲಮೇಲುವಿಗೂ ಅವನಿಗೂ ಪ್ರೀತಿ ಬೆಳೆಯುತ್ತದೆ. ಮನೆಯವರಿಗೆ ಜಾತಿ ಅಡ್ಡ ಬರುತ್ತದೆ. ಭಾಷೆ ಕೊಟ್ಟ ಅಣ್ಣ ಬಾಯಿ ಮುಚ್ಚಿಕೊಳ್ಳುತ್ತಾನೆ. ಆಗ ಮೇಷ್ಟ್ರು ಬಂದು, ಅವಳನ್ನು ಬಿಟ್ಟುಕೊಡು ಎಂದು ಶಿಷ್ಯನಿಗೆ ಹೇಳುತ್ತಾರೆ. ಯಾರ ಮಾತನ್ನೂ ಕೇಳದವನು ಅವರ ಮಾತು ಕೇಳುತ್ತಾನೆ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗುತ್ತದೆ.

ಎಷ್ಟೋ ಕಾಲದ ಮೇಲೆ ಹೋಟೆಲಿನ ಕೋಣೆಯೊಂದರಲ್ಲಿ ಅವಳು ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಕಟ್ಟಿಕೊಂಡ ಗಂಡನೇ ಅವಳನ್ನು ಮೈ ಮಾರುವ ವೃತ್ತಿಗೆ ದೂಡಿದ್ದಾನೆ. ಆ ವೇಳೆಗೆ ಅವನ ಬಾಳಿಗೆ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿ ಬಂದಿದ್ದಾಳೆ. ಮತ್ತೆ ಊರು ಕೆರಳುತ್ತದೆ, ಮತ್ತೆ ಮೇಷ್ಟ್ರು ಬರುತ್ತಾರೆ, ಮತ್ತೆ ಅದೇ ಮಾತು ಆಡುತ್ತಾರೆ. ಈ ಸಲ ಶಿಷ್ಯ ಕೇಳುವುದಿಲ್ಲ. ದುರ್ಗದ ಬಂಡೆಗಳ ಮೇಲೆ ಗುರುವಿಗೂ ಶಿಷ್ಯನಿಗೂ ಮಾತಿಗೆ ಮಾತು ಬೆಳೆದು, ಕೋಪದಲ್ಲಿ ಅವನು ತಳ್ಳಿದಾಗ ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ. ಅವರ ಹಿಂದೆಯೇ ಅವನೂ ಮಾರ್ಗರೆಟ್ಟಳೂ ಹಾರುತ್ತಾರೆ.

ಐವತ್ತು ವರ್ಷಗಳಿಂದ ನಾವು ಈ ಚಿತ್ರವನ್ನು ಗುರುಭಕ್ತಿಯ ಕಥೆಯೆಂದು ಹೊಗಳುತ್ತ ಬಂದಿದ್ದೇವೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಶಿಕ್ಷಕರನ್ನು ಹೊಗಳಬೇಕಾದರೆ ಚಾಮಯ್ಯ ಮೇಷ್ಟ್ರ ಹೆಸರೇ ನಾಲಗೆಗೆ ಬರುತ್ತದೆ. ನಾನೂ ಮೂವತ್ತು ವರ್ಷ ಈ ಊರಿನಲ್ಲಿ ಮೇಷ್ಟ್ರ ಕೆಲಸ ಮಾಡಿದವನು. ಹಾಗೆ ಹೊಗಳಿಸಿಕೊಂಡವನು ಕೂಡ. ಆದರೂ ಕೇಳುತ್ತೇನೆ. ಮೇಷ್ಟ್ರು ಸಂಪಾದಿಸಿದ ಪ್ರೀತಿ ಅಪಾರ. ಅದನ್ನು ಅವರು ಖರ್ಚು ಮಾಡಿದ್ದು ಯಾವುದಕ್ಕೆ? ಊರಿನವರು ನೇರವಾಗಿ ರಾಮಾಚಾರಿಯಿಂದ ಪಡೆಯಲಾರದೇ ಹೋದದ್ದನ್ನು ಅವರ ಮುಖಾಂತರ ಪಡೆದರು. ದ್ರೋಣ ಹೆಬ್ಬೆರಳು ಕೇಳಿದ್ದು ಅರ್ಜುನನ ಸಲುವಾಗಿ. ಮೇಷ್ಟ್ರು ಕೇಳಿದ್ದು ಯಾರ ಸಲುವಾಗಿ? ಕೇಳಿದವರಿಗೆ ದುರುದ್ದೇಶವೇನೂ ಇರಲಿಲ್ಲ. ಹುಡುಗನ ಒಳ್ಳೆಯದಕ್ಕೇ ಹೇಳಿದರು. ಆದರೆ ಆ ಒಳ್ಳೆಯದರ ಬೆಲೆ ತೆತ್ತವಳು ಅಲಮೇಲು. ಅವಳ ಬಾಳಿನ ತೀರ್ಮಾನ ಅಣ್ಣನ ಭಾಷೆ, ಮನೆಯವರ ಜಾತಿ, ಮೇಷ್ಟ್ರ ಮಾತು, ರಾಮಾಚಾರಿಯ ತ್ಯಾಗ, ಇವುಗಳ ನಡುವೆ ಮುಗಿದುಹೋಯಿತು. ಪುಟ್ಟಣ್ಣನವರು ಹೋಟೆಲಿನ ಆ ದೃಶ್ಯವನ್ನು ಸುಮ್ಮನೆ ಇಟ್ಟವರಲ್ಲ.

ಈ ಮಾತನ್ನು ಇನ್ನೊಂದು ಕಡೆಯಿಂದ ನೋಡಲು ಅಮೇರಿಕದ ಚಿತ್ರವೊಂದನ್ನು ಹೇಳುತ್ತೇನೆ. ದನಗಾಹಿಗಳ, ಕುದುರೆ ಸವಾರರ ಇಂಗ್ಲಿಷ್ ಚಿತ್ರಗಳೆಂದರೆ ನಮ್ಮ ಹೈದರಾಬಾದು ಸಿಕಂದರಾಬಾದಿನವರಿಗೆ ಹೊಸದಲ್ಲ. ಸಿಕಂದರಾಬಾದಿನ ಸಂಗೀತ್ ಥಿಯೇಟರು ಇದ್ದ ಕಾಲದಲ್ಲಿ ಇಂಗ್ಲಿಷ್ ಚಿತ್ರಕ್ಕೆಂದು ಅಲ್ಲಿ ಸಾಲು ನಿಂತವರ ತಲೆ ಈಗ ನೆರೆತಿದೆ. ಆ ಕಟ್ಟಡವೂ ಹೋಯಿತು. ಇರಲಿ. ಹಾವರ್ಡ್ ಹಾಕ್ಸ್ ಎಂಬವರು 1948ರಲ್ಲಿ ತಂದ 'ರೆಡ್ ರಿವರ್' ಎಂಬ ಚಿತ್ರವಿದೆ. ಬರಿಯ ಗುಂಡಿನ ಕಾಳಗದ ಚಿತ್ರವಲ್ಲ. ಡನ್ಸನ್ ಎಂಬ ಗಟ್ಟಿಗ ಒಂದು ಗೂಳಿಯೊಡನೆ ಟೆಕ್ಸಾಸಿಗೆ ಹೊರಟಿರುತ್ತಾನೆ. ದಾಳಿಗೆ ಸಿಕ್ಕಿ ನಾಶವಾದ ಬಂಡಿಗಳ ತಂಡದಿಂದ ಉಳಿದು ಬಂದ ಮ್ಯಾಟ್ ಎಂಬ ಅನಾಥ ಹುಡುಗ ಒಂದು ಹಸುವಿನೊಡನೆ ಅವನನ್ನು ಸೇರುತ್ತಾನೆ. ಆ ಗೂಳಿ, ಈ ಹಸು. ಅಲ್ಲಿಂದ ಅವರ ಸಂಸಾರ ಆರಂಭ. ದನಗಳಿಗೆ ಹಾಕುವ ಬರೆಯ ಗುರುತನ್ನು ಡನ್ಸನ್ ತನ್ನ ಹೆಸರಿನ ಅಕ್ಷರದಿಂದ ಗೊತ್ತುಮಾಡುತ್ತಾನೆ. ನನ್ನ ಅಕ್ಷರ ಎಲ್ಲಿ ಎಂದು ಹುಡುಗ ಕೇಳಿದರೆ, ಸಂಪಾದಿಸಿಕೊಂಡಾಗ ಹಾಕುತ್ತೇನೆ ಎನ್ನುತ್ತಾನೆ.

ಹದಿನಾಲ್ಕು ವರ್ಷ ಕಳೆಯುತ್ತದೆ. ಅಂತರ್ಯುದ್ಧ ಮುಗಿದು ಟೆಕ್ಸಾಸಿನಲ್ಲಿ ದನಗಳನ್ನು ಕೊಳ್ಳುವವರಿಲ್ಲ. ಸಾವಿರಾರು ದನಗಳನ್ನು ಹೊಡೆದುಕೊಂಡು ಮಿಸ್ಸೂರಿಗೆ ಹೋಗುವುದೆಂದು ಡನ್ಸನ್ ಹೊರಡುತ್ತಾನೆ. ದಾರಿಯಲ್ಲಿ ಅವನ ಹಟ ಕ್ರೌರ್ಯವಾಗುತ್ತದೆ. ಬಿಟ್ಟು ಓಡಿದ ಆಳುಗಳನ್ನು ಹಿಡಿತರಿಸಿ ನೇಣು ಹಾಕುತ್ತೇನೆಂದಾಗ, ಅಷ್ಟು ದಿನ ಎದುರಾಡದ ಮ್ಯಾಟ್ ಆಗದು ಎನ್ನುತ್ತಾನೆ. ದನಗಳನ್ನು ತನ್ನ ವಶಕ್ಕೆ ತೆಗೆದುಕೊಂಡು, ರೈಲು ಬಂದಿದೆಯೆಂದು ಕೇಳಿದ ಕಾನ್ಸಾಸಿನ ಅಬಿಲೀನ್ ಊರಿಗೆ ಮುಟ್ಟಿಸುತ್ತಾನೆ. ಕೊಲ್ಲುತ್ತೇನೆಂದು ಪಣತೊಟ್ಟು ಡನ್ಸನ್ ಬೆನ್ನಟ್ಟಿ ಬರುತ್ತಾನೆ. ಅಬಿಲೀನಿನ ಬೀದಿಯಲ್ಲಿ ಇಬ್ಬರೂ ಗುದ್ದಾಡುತ್ತಿರುವಾಗ ಟೆಸ್ ಎಂಬ ಹೆಣ್ಣು ಪಿಸ್ತೂಲು ಹಾರಿಸಿ ಇಬ್ಬರಿಗೂ ಬೈಯುತ್ತಾಳೆ. ನಿಮಗೆ ಒಬ್ಬರಿಗೊಬ್ಬರ ಮೇಲೆ ಎಷ್ಟು ಪ್ರೀತಿಯಿದೆಯೆಂಬುದು ಕುರುಡರಿಗೂ ಕಾಣುತ್ತದೆ, ಇದೇನು ನಾಟಕ ಎಂಬುದು ಅವಳ ಮಾತಿನ ತಾತ್ಪರ್ಯ. ಮುದುಕ ನೆಲದ ಮೇಲೆ ಕುಳಿತು, ಇನ್ನು ಬರೆಯ ಗುರುತಿನಲ್ಲಿ ನಿನ್ನ ಅಕ್ಷರವೂ ಇರಲಿ ಎನ್ನುತ್ತಾನೆ. ಜಗಳ ಅಷ್ಟು ಸುಲಭವಾಗಿ ಮುಗಿಯಿತೇ ಎಂದು ಆಕ್ಷೇಪಿಸಿದವರುಂಟು. ನನಗೂ ಅದು ಸ್ವಲ್ಪ ಅವಸರದ ಮುಗಿತಾಯವೆಂದೇ ಅನಿಸುತ್ತದೆ.

ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದು ಇಷ್ಟು. ಡನ್ಸನ್ ಒರಟ, ನಮ್ಮ ಮೇಷ್ಟ್ರು ಸಾಧು. ಒರಟನಿಗೆ ಎದುರು ನಿಲ್ಲುವುದು ಮ್ಯಾಟ್‌ಗೆ ಸಾಧ್ಯವಾಯಿತು, ಅದೂ ಸಕಾಲದಲ್ಲಿ. ಸಾಧುವಾದ, ಪ್ರೀತಿಯ ಗುರುವಿಗೆ ಎದುರು ನಿಲ್ಲುವುದು ಹೇಗೆ? ರಾಮಾಚಾರಿಗೆ ಮೊದಲ ಸಲ ಅದು ಆಗಲಿಲ್ಲ. ಅಂದು ಅಲಮೇಲುವಿಗಾಗಿ ಆಡದೆ ನುಂಗಿಕೊಂಡ ಮಾತು ವರ್ಷಗಟ್ಟಲೆ ಒಳಗೇ ವಿಷವಾಗಿ, ಎರಡನೆಯ ಸಲ ಬೆಟ್ಟದ ಮೇಲೆ ಹೊರಗೆ ಬಂತು. ಬೆಟ್ಟದ ಮೇಲಿನ ದುರಂತವನ್ನು ನಾವು ಅವಿಧೇಯತೆಯ ಫಲವೆಂದು ಓದುತ್ತೇವೆ. ಅದು ಮೊದಲನೆಯ ವಿಧೇಯತೆಯ ಫಲವೆಂಬುದು ನನ್ನ ಅಭಿಪ್ರಾಯ.

ನಮಗೂ ಇದಕ್ಕೂ ಏನು ಸಂಬಂಧ? 1956ರಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಕನ್ನಡ ನಾಡಿಗೆ ಸೇರಿದಾಗ ನಮ್ಮಲ್ಲಿ ಹಲವರ ಮನೆಗಳು ಈ ಊರಿನಲ್ಲೇ ಉಳಿದವು; ಆಮೇಲೆ ನೌಕರಿಗೆ, ಹೋಟೆಲಿಗೆ, ಈಚೆಗೆ ಕಂಪ್ಯೂಟರ್ ಕಂಪನಿಗಳಿಗೆ ಬಂದವರು ಸೇರಿಕೊಂಡರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆಲ್ಲ ಹಿರಿಯರು ಕಷ್ಟಪಟ್ಟು ಕಟ್ಟಿದವು. ಮಕ್ಕಳು ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷು ಆಡುತ್ತಾರೆ. ಅವರಿಗೆ ಕನ್ನಡವೆಂದರೆ ಅಜ್ಜಿ, ಅಪ್ಪ, ಒಬ್ಬಿಬ್ಬರು ಮೇಷ್ಟ್ರು. ಹೀಗಾಗಿ ನಮ್ಮ ಮಾತಿಗೆ ಊರಿನಲ್ಲಿರುವುದಕ್ಕಿಂತ ಇಲ್ಲಿ ಭಾರ ಹೆಚ್ಚು. ಕನ್ನಡವನ್ನು ಬಿಡಬೇಡ ಎನ್ನುವ ಬಾಯಿಯಲ್ಲೇ ನಾವು ಮದುವೆಯ ಮಾತನ್ನೂ ಆಡುತ್ತೇವೆ. ಎರಡೂ ಒಂದೇ ಎಂಬಂತೆ ಆಡುತ್ತೇವೆ.

ಕೆಲವು ವರ್ಷದ ಹಿಂದೆ ಪರಿಚಯದ ಒಬ್ಬ ಹಿರಿಯರು ನನ್ನ ಮನೆಗೆ ಬಂದರು. ಮಗಳು ತೆಲುಗಿನ ಹುಡುಗನನ್ನು ಮದುವೆಯಾಗುವೆನೆಂದು ಕುಳಿತಿದ್ದಳು. ನನ್ನಲ್ಲಿ ಓದಿದ ಹುಡುಗಿ. "ಮಾಸ್ತರ್ರೇ, ನೀವು ಒಂದ್ ಮಾತು ಹೇಳ್ರಿ. ಆಕಿ ನಿಮ್ಮ ಮಾತು ಮೀರಂಗಿಲ್ಲ" ಎಂದರು. ಮೀರಳೆಂದು ನನಗೂ ಗೊತ್ತಿತ್ತು. ಅದಕ್ಕಾಗಿಯೇ ಆ ಮಾತು ಹೇಳಲಾರೆನೆಂದೆ. ಬೇಕಾದರೆ ಅವಳು ಹೇಳುವುದನ್ನು ಕೇಳಿ ಬರುತ್ತೇನೆ ಎಂದೆ. ಹೋದೆ. ಬಾಗಿಲಲ್ಲೇ ಅವಳು, "ಸರ್, ನಿಮಗ ಅಪ್ಪ ಕಳಿಸ್ಯಾರೇನ್ರಿ?" ಎಂದಳು. ಹೌದು ಎಂದೆ. ಒಳಗೆ ಹೋಗಿ ಚಹ ತಂದಳು, ಒಂದು ಗಂಟೆ ಮಾತಾಡಿದಳು, ನಾನು ಕೇಳಿದೆ. ಮದುವೆ ನಡೆಯಿತು. ತಾಯಿ ಬಂದರು, ತಂದೆ ಬರಲಿಲ್ಲ. ಅವರು ನನ್ನೊಡನೆ ಮಾತು ಬಿಟ್ಟು ಬಹಳ ದಿನವಾಯಿತು. ಅದು ನನಗೆ ದುಃಖದ ವಿಷಯವೇ. ಅವರ ಮೊಮ್ಮಗಳು ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುತ್ತಾಳೆ. ಒತ್ತಕ್ಷರದಲ್ಲಿ ಇನ್ನೂ ತಡವರಿಸುತ್ತಾಳೆ.

ಮತ್ತೆ ಚಿತ್ರಕ್ಕೆ ಬರುತ್ತೇನೆ. ಅದರ ಕಥೆ ನಮ್ಮ ನೆರೆಯವರಿಗೂ ಹಿಡಿಸಿತು. 1974ರಲ್ಲಿ ತೆಲುಗಿನಲ್ಲಿ 'ಕೋಡೆನಾಗು' ಆಗಿ ಬಂತು. ಶೋಭನ್ ಬಾಬು ನಾಯಕ, ಮೇಷ್ಟ್ರ ಪಾತ್ರ ಮಾಡಿದವರು ಕವಿ ಆಚಾರ್ಯ ಆತ್ರೇಯ. ಅದೇ ವರ್ಷ ಪುಟ್ಟಣ್ಣನವರೇ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಮಾಡಿದರು. ನಿಮ್ಮ ಪಕ್ಕದ ಮನೆಯ ತೆಲುಗು ಹಿರಿಯರನ್ನು ಕೇಳಿ ನೋಡಿ, ಈ ಗುರುಶಿಷ್ಯರು ಅವರಿಗೂ ಗೊತ್ತು. ತೆರೆಯ ಹಿಂದೆಯೂ ಒಂದು ಪರಂಪರೆಯಿದೆ. ಪುಟ್ಟಣ್ಣನವರು ಬಿ.ಆರ್. ಪಂತುಲು ಅವರ ಕೈಕೆಳಗೆ ಕೆಲಸ ಕಲಿತವರು. ಕಲಿತ ಮೇಲೆ ಗುರುಗಳ ಚಿತ್ರಗಳಂಥ ಚಿತ್ರ ಮಾಡದೆ ತಮ್ಮದೇ ದಾರಿ ಹಿಡಿದರು.

ತೆರೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಹೋದ ಆ ಇಬ್ಬರು, ನಿಜಜೀವನದಲ್ಲೂ ಬಹಳ ಅಂತರವಿಲ್ಲದೆ ಹೋದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡರು. 2010ರ ಜನವರಿ 18ರಂದು ಅಶ್ವತ್ಥರು. ನಡುವೆ ಮೂರು ವಾರವೂ ಇಲ್ಲ. ಈ ಸಲ ಶಿಷ್ಯ ಮುಂದೆ ಹೋದ, ಮೇಷ್ಟ್ರು ಹಿಂದೆ. 2018ರಲ್ಲಿ ಚಿತ್ರವನ್ನು ಹೊಸ ತಂತ್ರದಲ್ಲಿ ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿದರು. ಕಿರಿಯರು ನೋಡುವುದಾದರೆ ಆ ಪ್ರತಿಯನ್ನೇ ನೋಡಬಹುದು. ನೋಡುವಾಗ ಪಕ್ಕದಲ್ಲಿ ಕುಳಿತ ಹಿರಿಯರು ದಯವಿಟ್ಟು ನಡುವೆ ವ್ಯಾಖ್ಯಾನ ಮಾಡಬಾರದು.

ಕಾರ್ಯದರ್ಶಿಗಳು ಎರಡು ಸಲ ಗಡಿಯಾರ ನೋಡಿದ್ದಾರೆ. ಇದೇ ಚಿತ್ರದಲ್ಲಿ ಜಯಂತಿಯವರು ಮಾಡಿದ ಓಬವ್ವನನ್ನು ಈಗ ನಮ್ಮ ಮಕ್ಕಳು ಆಡಿ ತೋರಿಸಲಿದ್ದಾರೆ. ಪರದೆಯ ಹಿಂದೆ ಒನಕೆ ಹಿಡಿದು ಆಗಲೇ ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ.