ಕೈ ಸ್ವಲ್ಪ ಸಡಿಲ ಬಿಡಿ



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಕ್ರೋಶಾ ಹೆಣಿಗೆಯ ಬಗ್ಗೆ ನಾನು ಮಾತನಾಡಿದ ಮೇಲೆ ನಿಮ್ಮಲ್ಲಿ ಹಲವರು ಫೋನ್ ಮಾಡಿ, "ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಹಾಡು ಹಾಕಿಬಿಟ್ಟಿರಲ್ಲ" ಎಂದು ಆಕ್ಷೇಪಿಸಿದಿರಿ. ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಆ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚಿನಲ್ಲಿ ಕೊಡುತ್ತಿದ್ದೇನೆ. ಓದಿ, ಕತ್ತರಿಸಿ, ನೂಲಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಈ ಕಲೆಯಲ್ಲಿ ಪರಿಣತೆಯಲ್ಲ. ಓದಿದ್ದು ಧಾರವಾಡದಲ್ಲಿ ಕನ್ನಡ ಬಿ.ಎ., ಮಾಡುವುದು ಮುಂಬಯಿಯಲ್ಲಿ ಉದ್ಘೋಷಕಿಯ ಕೆಲಸ. ಕೊಕ್ಕೆ ಕಡ್ಡಿ ಹಿಡಿದದ್ದು ಅಮ್ಮನಿಂದಾಗಿ. ನಾನು ಬಸುರಿಯಾಗಿದ್ದಾಗ ಅಮ್ಮ ಹುಟ್ಟುವ ಮಗುವಿಗೆಂದು ಬಿಳಿ ಹತ್ತಿ ನೂಲಿನ ಒಂದು ಹೊದಿಕೆ ಶುರುಮಾಡಿದರು. ಒಂದೊಂದು ಚೌಕ 15 ಸೆಂಟಿಮೀಟರ್, ಒಟ್ಟು 48 ಚೌಕ. 31 ಮುಗಿಯುವ ಹೊತ್ತಿಗೆ ಅವರ ಬೆರಳಿನ ಗಂಟುಗಳು ಊದಿಕೊಂಡವು. ಹೆಣಿಗೆಯಿಂದಲೇ ಹೀಗಾಯಿತು ಎಂದು ವೈದ್ಯರು ಹೇಳಲಿಲ್ಲ. ಆದರೆ ನೋವು ಶುರುವಾದ ಮೇಲೂ ಅಮ್ಮ ತಿಂಗಳುಗಟ್ಟಲೆ, ಸಂಜೆಯ ಮಂದ ಬೆಳಕಿನಲ್ಲಿ, ತೆಳ್ಳನೆಯ ಸ್ಟೀಲ್ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು ಹೆಣೆಯುತ್ತಲೇ ಇದ್ದರು. ಮಗು ಬರುವುದರೊಳಗೆ ಮುಗಿಯಬೇಕೆಂಬ ಹಟ. ಈಗ ಅವರಿಗೆ ಸೂಜಿಗೆ ದಾರ ಪೋಣಿಸುವುದೂ ಕಷ್ಟ. ಉಳಿದ 17 ಚೌಕ ನನ್ನ ಪಾಲಿಗೆ ಬಂದವು.

ಆದ್ದರಿಂದ ಕೆಲಸ ಸುಲಭ ಮಾಡಿಕೊಳ್ಳುವ ಉಪಾಯಗಳನ್ನು ನಾನು ಸೋಮಾರಿತನ ಎಂದು ಎಣಿಸುವುದಿಲ್ಲ. ಅವು ಕೈಯನ್ನು ಕಾಪಾಡುವ ಉಪಾಯಗಳು.

ನನ್ನ ಮೊದಲ ಚೌಕ ಹದಿಮೂರೂವರೆ ಸೆಂಟಿಮೀಟರ್ ಬಂತು. ಅದೇ ನೂಲು, ಅದೇ 1.25 ಮಿಲಿಮೀಟರ್ ಕಡ್ಡಿ, ಅಷ್ಟೇ ಸುತ್ತು. ಎಳೆದೆಳೆದು ನೋಡಿದೆ, ಅಮ್ಮನ ಚೌಕದ ಪಕ್ಕದಲ್ಲಿ ಅದು ಕುಗ್ಗಿಯೇ ಕೂತಿತ್ತು. ಅಮ್ಮನಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: "ಯಾಕವಾ ಅಷ್ಟು ಬಿಗಿ ಹಿಡೀತಿ? ದಾರಾ ಏನು ಓಡಿ ಹೋಗೂದಿಲ್ಲ."

ನಿಮ್ಮ ಹೆಣಿಗೆಯೂ ಬಿಗಿಯಾಗಿದ್ದು ಕಡ್ಡಿ ಒಳಗೆ ಹೋಗಲು ತಕರಾರು ಮಾಡುತ್ತಿದ್ದರೆ ಇದೇ ಕಾರಣ ಇರಬಹುದು. ಕೈಯನ್ನು ಬದಲಾಯಿಸುವುದಕ್ಕಿಂತ ಕಡ್ಡಿಯನ್ನು ಬದಲಾಯಿಸುವುದು ಸುಲಭ. ನಾನು 1.5 ಮಿಲಿಮೀಟರ್ ಕಡ್ಡಿಗೆ ಬಂದೆ. ಚೌಕ 14.7ಕ್ಕೆ ಏರಿತು. ಉಳಿದದ್ದನ್ನು ನೀರು ಸರಿಮಾಡಿತು, ಅದನ್ನು ಮುಂದೆ ಹೇಳುತ್ತೇನೆ. ಕೈ ತೀರ ಸಡಿಲವಾಗಿದ್ದವರು ಒಂದು ಅಳತೆ ಸಣ್ಣ ಕಡ್ಡಿ ಹಿಡಿಯಬೇಕು. ಕಡ್ಡಿ ಕೊಳ್ಳುವಾಗ ಅದರ ಮೇಲಿನ ನಂಬರನ್ನು ನಂಬಬೇಡಿ, ಮಿಲಿಮೀಟರ್ ನೋಡಿ. ನಂಬರುಗಳ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಹತ್ತಿ ನೂಲಿನಲ್ಲಿ ಇನ್ನೊಂದು ವಿಚಿತ್ರ: ನಂಬರ್ ಹೆಚ್ಚಿದಷ್ಟೂ ಎಳೆ ತೆಳು. 20ಕ್ಕಿಂತ 10 ದಪ್ಪ. ಹೊಸಬರು 10ರಿಂದಲೋ, ಇನ್ನೂ ದಪ್ಪನೆಯ ಉಣ್ಣೆ ನೂಲು ಮತ್ತು 4 ಮಿಲಿಮೀಟರ್ ಕಡ್ಡಿಯಿಂದಲೋ ಆರಂಭಿಸಿದರೆ ಕಣ್ಣಿಗೂ ಕೈಗೂ ಹಿತ.

ಬಹಳ ಜನ ಸೋಲುವುದು ಮೊದಲ ಸರಪಣಿಯಲ್ಲೇ. ಸರಪಣಿ ಬಿಗಿಯಾದರೆ ಮೇಲಿನ ಇಡೀ ಬಟ್ಟೆ ಕೆಳಗಡೆ ಸೊಟ್ಟಗಾಗುತ್ತದೆ. ಸರಪಣಿಯನ್ನು ಮಾತ್ರ ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿ, ಎರಡನೆಯ ಸಾಲಿಗೆ ನಿಮ್ಮ ಮಾಮೂಲಿ ಕಡ್ಡಿಗೆ ಮರಳಿ. ಉದ್ದನೆಯ ಸರಪಣಿಯಾದರೆ ಲೆಕ್ಕಕ್ಕಿಂತ ನಾಲ್ಕೈದು ಕಣ್ಣು ಹೆಚ್ಚೇ ಹಾಕಿಕೊಳ್ಳಿ. ಹೆಚ್ಚಾದದ್ದನ್ನು ಗಂಟಿನ ಕಡೆಯಿಂದ ಬಿಚ್ಚಬಹುದು, ಕಡಿಮೆಯಾದರೆ ಇಡೀ ಸಾಲು ಬಿಚ್ಚಬೇಕು.

ಇನ್ನು ಹೆಸರುಗಳ ಗೊಂದಲ. ಇದರ ಬಗ್ಗೆ ಪುಣೆಯಿಂದ ಒಬ್ಬ ಕೇಳುಗರು ಬೇಸರದಿಂದ ಬರೆದಿದ್ದರು: ಹಳೆಯ ಪುಸ್ತಕ ನೋಡಿ ಹೆಣೆದರೆ ಒಂದು ರೀತಿ ಬರುತ್ತದೆ, ಮೊಬೈಲಿನ ವಿಡಿಯೊ ನೋಡಿ ಹೆಣೆದರೆ ಇನ್ನೊಂದು ರೀತಿ. ತಪ್ಪು ಅವರದಲ್ಲ. ಬ್ರಿಟನ್ನಿನವರು 'ಡಬಲ್ ಕ್ರೋಶೆ' ಎನ್ನುವುದನ್ನು ಅಮೆರಿಕದವರು 'ಸಿಂಗಲ್ ಕ್ರೋಶೆ' ಎನ್ನುತ್ತಾರೆ. ಬ್ರಿಟನ್ನಿನ 'ಟ್ರೆಬಲ್' ಅಮೆರಿಕದವರಿಗೆ 'ಡಬಲ್'. ಮಾದರಿಯಲ್ಲಿ ಎಲ್ಲಾದರೂ 'ಸಿಂಗಲ್' ಎಂಬ ಮಾತು ಕಂಡರೆ ಅದು ಸಾಮಾನ್ಯವಾಗಿ ಅಮೆರಿಕದ ಪದ್ಧತಿ ಎಂದು ತಿಳಿಯಿರಿ.

ನನಗೆ ಈ ಗೊಂದಲ ಬಿಡಿಸಿದವರು ಡೊಂಬಿವಲಿ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ನಿತ್ಯ ಜೊತೆಗಿರುವ ಒಬ್ಬ ಮರಾಠಿ ಗೆಳತಿ. ಅವರ ಭಾಷೆಯಲ್ಲಿ ಸರಪಣಿ 'ಸಾಖಳಿ', ಕುಳ್ಳ ಹೊಲಿಗೆ 'ಮುಕಾ ಖಾಂಬ', ಎತ್ತರದ್ದು 'ಖಾಂಬ'. ಮೂಕ ಕಂಬ, ಕಂಬ! ಎಷ್ಟು ಚೆನ್ನಾಗಿದೆ ನೋಡಿ. ಹೆಸರು ಬಿಟ್ಟು ಕೆಲಸ ನೋಡಿ ಎಂದರು ಅವರು. ಕಡ್ಡಿಯನ್ನು ಒಳಗೆ ಹಾಕುವ ಮುಂಚೆ ಅದರ ಮೇಲೆ ಎಷ್ಟು ಸಲ ದಾರ ಸುತ್ತುತ್ತೀರಿ? ಒಮ್ಮೆಯೂ ಸುತ್ತದಿದ್ದರೆ ಮೂಕ ಕಂಬ. ಒಮ್ಮೆ ಸುತ್ತಿ, ಎರಡೆರಡು ಎಳೆಯಾಗಿ ಬಿಡಿಸಿದರೆ ಕಂಬ. ಒಮ್ಮೆ ಸುತ್ತಿ, ಮೂರೂ ಎಳೆಯನ್ನು ಒಟ್ಟಿಗೆ ಬಿಡಿಸಿದರೆ ಅರ್ಧ ಕಂಬ. ಎರಡು ಸಲ ಸುತ್ತಿದರೆ ಎತ್ತರದ ಕಂಬ. ಸಾಲು ತಿರುಗಿಸುವಾಗ ಹಾಕುವ ಸರಪಣಿಯೂ ಇದೇ ಎತ್ತರಕ್ಕೆ: ಮೂಕ ಕಂಬಕ್ಕೆ 1, ಅರ್ಧ ಕಂಬಕ್ಕೆ 2, ಕಂಬಕ್ಕೆ 3, ಎತ್ತರದ ಕಂಬಕ್ಕೆ 4.

ದುಂಡನೆಯ ಕೆಲಸ, ಅಂದರೆ ಹೂದಾನಿಯ ಕೆಳಗಿನ ಬಟ್ಟೆ, ತಟ್ಟೆಯ ಮುಚ್ಚಿಗೆ ಇಂಥವು ಬಟ್ಟಲಿನಂತೆ ಮಡಚಿಕೊಳ್ಳುತ್ತವೆ ಎಂಬುದು ಹೈದರಾಬಾದಿನ ಒಬ್ಬರ ದೂರು. ಇದಕ್ಕೊಂದು ಲೆಕ್ಕವಿದೆ. ಮೂಕ ಕಂಬದಲ್ಲಿ 6ರಿಂದ ಆರಂಭಿಸಿ, ಪ್ರತಿ ಸುತ್ತಿಗೆ 6 ಹೆಚ್ಚಿಸಿ: 6, 12, 18, 24. ಕಂಬದಲ್ಲಾದರೆ 12ರಿಂದ ಆರಂಭಿಸಿ 12 ಹೆಚ್ಚಿಸಿ: 12, 24, 36. ಅಂಚು ಮೇಲೆದ್ದರೆ ಕಣ್ಣು ಕಡಿಮೆಯಾಗಿವೆ. ಅಂಚು ಲಂಗದ ನೆರಿಗೆಯಂತೆ ಅಲೆಯಾಡಿದರೆ ಹೆಚ್ಚಾಗಿವೆ. ಇಸ್ತ್ರಿ ಮಾಡಿ ಸರಿಪಡಿಸಲು ಹೋಗಬೇಡಿ, ಎಣಿಸಿ ನೋಡಿ.

ಎಣಿಕೆಯದ್ದೇ ದೊಡ್ಡ ಕಷ್ಟ. ನಲವತ್ತಮೂರು ಎನ್ನುವಾಗ ಕುಕ್ಕರ್ ಕೂಗುತ್ತದೆ, ಐವತ್ತೆರಡು ಎನ್ನುವಾಗ ಮಗು ಕರೆಯುತ್ತದೆ. ನೆನಪಿನ ಮೇಲೆ ಭಾರ ಹಾಕಬೇಡಿ. ಪ್ರತಿ ಸುತ್ತಿನ ಮೊದಲ ಕಣ್ಣಿಗೆ ಒಂದು ಸೇಫ್ಟಿ ಪಿನ್ ಅಥವಾ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ. ಉದ್ದನೆಯ ಸಾಲಿನಲ್ಲಿ ಪ್ರತಿ 20 ಕಣ್ಣಿಗೊಂದು ಗುರುತು ಇರಲಿ. ಎಣಿಕೆ ತಪ್ಪಿದರೆ ಹಿಂದಿನ ಗುರುತಿನವರೆಗೆ ಎಣಿಸಿದರೆ ಸಾಕು. ಎಷ್ಟನೇ ಸಾಲು ಎಂಬುದನ್ನು ಸಣ್ಣ ಪುಸ್ತಕದಲ್ಲಿ ಗೀಟು ಹಾಕಿ ಬರೆದಿಡಿ. ಎದ್ದು ಹೋಗುವ ಮುಂಚೆ ಕಡ್ಡಿಯ ಮೇಲಿನ ಕುಣಿಕೆಯನ್ನು ಉದ್ದಕ್ಕೆಳೆದು ಅದಕ್ಕೂ ಒಂದು ಪಿನ್ ಹಾಕಿ. ಆಗ ಮಗು ದಾರ ಎಳೆದರೂ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ.

ನೂಲು ಕೊಳ್ಳುವಾಗ ಇಡೀ ಕೆಲಸಕ್ಕೆ ಬೇಕಾದಷ್ಟನ್ನು ಒಂದೇ ಸಲ ಕೊಳ್ಳಿ. ಉಂಡೆಯ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಇರುತ್ತದೆ. ಬಣ್ಣ ಒಂದೇ ಆಗಿದ್ದು ಲಾಟ್ ಬೇರೆಯಾದರೆ, ಅಂಗಡಿಯ ದೀಪದಲ್ಲಿ ಕಾಣದ ವ್ಯತ್ಯಾಸ ಮನೆಯ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಉಂಡೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ತೂತು ಮಾಡಿ ದಾರ ಹೊರಗೆ ತೆಗೆಯಿರಿ. ತೂತಿನ ಅಂಚು ನುಣುಪಾಗಿರಲಿ. ಉಂಡೆ ಉರುಳಿ ಮಂಚದ ಕೆಳಗೆ ಹೋಗುವುದಿಲ್ಲ, ಬಿಳಿ ನೂಲು ಲೋಕಲ್‌ನಲ್ಲಿ ಕರಿಯಾಗುವುದಿಲ್ಲ. ರೈಲಿನಲ್ಲಿ ಕಡ್ಡಿಯ ತುದಿಗೆ ಹಳೆಯ ಪೆನ್ನಿನ ಟೊಪ್ಪಿ ಹಾಕಿಡಿ, ಗದ್ದಲದಲ್ಲಿ ಪಕ್ಕದವರಿಗೆ ಚುಚ್ಚಬಾರದು. ಬಿಳಿ ನೂಲು ಹೆಣೆಯುವಾಗ ಮಡಿಲಲ್ಲಿ ಗಾಢ ಬಣ್ಣದ ಬಟ್ಟೆ, ಕಪ್ಪು ನೂಲಿಗೆ ಬಿಳಿ ಬಟ್ಟೆ ಹಾಸಿಕೊಂಡರೆ ಕಣ್ಣು ಬೇಗ ದಣಿಯುವುದಿಲ್ಲ. ಕಪ್ಪು, ಕಡುನೀಲಿ ಕೆಲಸವನ್ನು ಹಗಲಿಗೇ ಇಟ್ಟುಕೊಳ್ಳಿ.

ದೊಡ್ಡ ಕೆಲಸಕ್ಕೆ ಹೆದರುವವರಿಗೆ ಒಂದು ಮಾತು. ತುಂಡು ತುಂಡಾಗಿ ಮಾಡಿ. ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿನ ಕೆಲಸವೇ ಹಂಚಿಕೆಯದು, ಕೆಲವರು ಹೂಗಳನ್ನು ಹೆಣೆದರೆ ಕೆಲವರು ಅವನ್ನು ಜೋಡಿಸುತ್ತಾರೆ. ಚೆನ್ನೈಯಲ್ಲಿ 2016ರ ಜನವರಿ 31ರಂದು 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಅದೂ ಬೇರೆ ಬೇರೆ ಕೈಗಳು ಹೆಣೆದ ತುಂಡುಗಳ ಜೋಡಣೆಯೇ. ಒಂದು ಚೌಕ ರೈಲಿನ ಚೀಲದಲ್ಲಿ ಹಿಡಿಸುತ್ತದೆ, ಇಡೀ ಹೊದಿಕೆ ಹಿಡಿಸುವುದಿಲ್ಲ.

ಜೋಡಿಸುವ ಮುಂಚೆ ಚೌಕಗಳನ್ನು ಒದ್ದೆ ಮಾಡಿ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ದಪ್ಪ ಬಟ್ಟೆಯ ಮೇಲೆ ತುಕ್ಕು ಹಿಡಿಯದ ಪಿನ್ನುಗಳಿಂದ ಒಂದೇ ಅಳತೆಗೆ ಎಳೆದು ಚುಚ್ಚಿ, ಹಾಗೇ ಒಣಗಲು ಬಿಡಿ. ನನ್ನ 14.7 ಹೀಗೆಯೇ 15 ಆಯಿತು. ಹತ್ತಿಗೆ ಈ ಗುಣವಿದೆ. ಅಕ್ರಿಲಿಕ್ ನೂಲು ಇಷ್ಟು ಮಾತು ಕೇಳುವುದಿಲ್ಲ. ಅದರ ಮೇಲೆ ಬಿಸಿ ಇಸ್ತ್ರಿಯನ್ನಂತೂ ಇಡಲೇಬೇಡಿ.

ತುದಿ ದಾರಗಳನ್ನು ಕೊನೆಗೆ ಉಳಿಸಬೇಡಿ. ಅರ್ಧ ಅಡಿ ಉದ್ದ ಬಿಟ್ಟು ಕತ್ತರಿಸಿ, ಆಯಾ ಚೌಕ ಮುಗಿದಂತೆ ದಪ್ಪ ಸೂಜಿಯಲ್ಲಿ ಒಂದು ದಿಕ್ಕಿಗೆ ನುಗ್ಗಿಸಿ, ಮತ್ತೆ ಹಿಂದಕ್ಕೆ ತನ್ನಿ. ಗಿಡ್ಡ ಕತ್ತರಿಸಿದ ತುದಿ ಎರಡು ಒಗೆತಕ್ಕೆ ಹೊರಬರುತ್ತದೆ. ದೀಪಾವಳಿಗೆ ಬಂದಾಗ ಅಮ್ಮ ಚೌಕಗಳನ್ನೆಲ್ಲ ಕಲಸಿ, ಒಂದೊಂದಾಗಿ ಹಿಂಬದಿ ತಿರುಗಿಸಿ, ನನ್ನವನ್ನು ಅರ್ಧ ನಿಮಿಷದಲ್ಲಿ ಆರಿಸಿ ಬೇರೆ ಇಟ್ಟರು. ತುದಿಗಳೇ ಚಾಡಿ ಹೇಳಿದ್ದವು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. 20 ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಡಿ. ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ, ಭುಜ ಇಳಿಬಿಡಿ. ಮೊಣಕೈಗೆ ದಿಂಬಿನ ಆಸರೆ ಕೊಡಿ. ತೆಳ್ಳನೆಯ ಕಡ್ಡಿಯ ಹಿಡಿಗೆ ರಬ್ಬರ್ ಹಿಡಿಕೆ ತೊಡಿಸಿ ಅಥವಾ ಬಟ್ಟೆಪಟ್ಟಿ ಸುತ್ತಿ ದಪ್ಪ ಮಾಡಿಕೊಳ್ಳಿ, ಬೆರಳು ಅಷ್ಟು ಮುಷ್ಟಿ ಕಟ್ಟಬೇಕಾಗುವುದಿಲ್ಲ. ಪೆನ್ಸಿಲ್‌ನಂತೆ ಹಿಡಿಯುವವರು ದಣಿದಾಗ ಚಾಕುವಿನಂತೆ ಹಿಡಿದು ನೋಡಿ. ಎಡಗೈಯವರು ಬಲಗೈಗೆ ಬದಲಿಸಬೇಕಿಲ್ಲ. ಕಲಿಸುವವರ ಎದುರು ಕುಳಿತು, ಕನ್ನಡಿಯಲ್ಲಿ ನೋಡಿದಂತೆ ಕಲಿಯಿರಿ. ನೋವು ಬಂದರೆ ಆ ದಿನ ಬಿಡಿ, ನೋವು ನಿಲ್ಲದೆ ಇದ್ದರೆ ವೈದ್ಯರಿಗೆ ತೋರಿಸಿ. "ಈ ಒಂದು ಸಾಲು ಮುಗಿಸಿಬಿಡುತ್ತೇನೆ" ಎಂಬ ಮಾತನ್ನು ನಮ್ಮ ಮನೆಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಆಗ ಕಡ್ಡಿಯನ್ನು ಕೈಯಿಂದ ತೆಗೆದಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ 17ರಲ್ಲಿ ಇನ್ನೂ 5 ಚೌಕ ಬಾಕಿ ಇವೆ. ಮಗಳಿಗೆ ಮೂರು ವರ್ಷ ತುಂಬಿತು, ಕಾಲು ಉದ್ದವಾಗುತ್ತಿವೆ. ಹೊದಿಕೆ ಮುಗಿಯುವ ಹೊತ್ತಿಗೆ ಪಾದ ಹೊರಗೆ ಬಂದರೂ ಬರಬಹುದು. ಬಂದರೆ ಬರಲಿ, ಕೆಳಗೆ ಇನ್ನೊಂದು ಸಾಲು ಚೌಕ ಸೇರಿಸಿದರಾಯಿತು.

ನಿಮ್ಮ ಉಪಾಯಗಳನ್ನೂ ಬರೆದು ಕಳುಹಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಈ ಸಲ ಹಾಡು ಹಾಕುವ ಮುಂಚೆ ಎರಡು ಸಲ ಓದುತ್ತೇನೆ, ಪೆನ್ನು ಹತ್ತಿರವೇ ಇಟ್ಟುಕೊಳ್ಳಿ. ಅಲ್ಲಿಯವರೆಗೆ, ನಮಸ್ಕಾರ.