ನೋಡುವವನಿಗೊಂದು ತಾವು

ಶಿಲ್ಪಕಲೆಯ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಯೋಗ್ಯತೆ ನನಗಿಲ್ಲವೆಂಬುದನ್ನು ಮೊದಲಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ, ಯಾದಗಿರಿಯ ಬಳಿಯ ರಾಮಸಮುದ್ರದಲ್ಲಿ ನೆಲೆಸಿರುವವನು ನಾನು. ಮಗನ ಮನೆ ಬೆಂಗಳೂರಿನಲ್ಲಿರುವುದರಿಂದ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರುವುದುಂಟು. ಆ ನಗರದಲ್ಲಿ ಹತ್ತು ಜನ ನೋಡಲೆಂದು ನಿಲ್ಲಿಸಿರುವ ಕಲಾಕೃತಿಗಳನ್ನು ಕಂಡು ಈ ದಾರಿಹೋಕನಿಗೆ ತೋಚಿದ್ದನ್ನಷ್ಟೇ ಇಲ್ಲಿ ಅರಿಕೆ ಮಾಡುತ್ತೇನೆ.

ನಾನು ಹೋಗುವ ರೈಲಿನಲ್ಲಿಯೇ ನಮ್ಮ ಸೀಮೆಯಿಂದ ಗುಳೆ ಹೋಗುವವರೂ ಇರುತ್ತಾರೆ. ರೊಟ್ಟಿಯ ಗಂಟು, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು. ಬೆಂಗಳೂರಿನ ಮಹಡಿಗಳಿಗೆ ಕಲ್ಲು, ಮಣ್ಣು, ಸಿಮೆಂಟು ಹೊರುವವರು ಇವರು. ಈ ಜನರನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಿ.

ಕಳೆದ ಸಾರಿ ಮೊಮ್ಮಗನೊಡನೆ ವಿಮಾನನಿಲ್ದಾಣದ ಆವರಣದಲ್ಲಿರುವ ಕೆಂಪೇಗೌಡರ ಪ್ರತಿಮೆಯನ್ನು ನೋಡಲು ಹೋಗಿದ್ದೆ. ರಾಮ ಸುತಾರರ ಈ ಕಂಚಿನ ಕೃತಿ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಎತ್ತರ 108 ಅಡಿ. ನಗರ ಕಟ್ಟಿದವನಿಗೆ ನಗರವು ಸಲ್ಲಿಸಿದ ಗೌರವ ಅದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಡುಗ ಬಹಳ ಹೊತ್ತು ತಲೆಯೆತ್ತಿ ನೋಡಿ ಕೇಳಿದ: "ಮುತ್ಯಾ, ಅವರು ನಮ್ಮನ್ನ ಯಾಕೆ ನೋಡ್ತಿಲ್ಲ?"

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಎತ್ತರವೇ ದೋಷವೆನ್ನೋಣವೇ? ಹಾಗೆನ್ನುವಂತಿಲ್ಲ. ಶ್ರವಣಬೆಳಗೊಳದ ಗೊಮ್ಮಟನೂ 58 ಅಡಿಯವನು. ಆದರೆ ಮೆಟ್ಟಿಲೇರಿ ಬಂದವನಿಗೆ ಅಲ್ಲಿ ಪಾದದ ಸನ್ನಿಧಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿಯ ಮೂರ್ತಿಯೂ ನಿಂತಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದದವರೆಗೆ ಇಳಿಯದೆಹೋಯಿತು, ಬಡ ಅಜ್ಜಿ ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಇಳಿಯಿತು ಎಂಬ ಐತಿಹ್ಯವನ್ನು ನೀವೆಲ್ಲ ಬಲ್ಲಿರಿ. ಮಂತ್ರಿಯ ಗರ್ವಭಂಗದ ಕಥೆಯೆಂದು ಅದನ್ನು ಹೇಳುವುದು ವಾಡಿಕೆ. ನನಗೆ ಅದು ಶಿಲ್ಪಶಾಸ್ತ್ರದ ಮಾತಿನಂತೆಯೂ ಕೇಳಿಸುತ್ತದೆ. ದೊಡ್ಡದನ್ನು ನಿಲ್ಲಿಸಿದ ಮೇಲೆ ಅದನ್ನು ನೋಡಬಂದ ಸಣ್ಣವರಿಗೂ ಎದುರಿನಲ್ಲಿಯೇ ಒಂದು ತಾವು ಕೊಡಬೇಕು.

ಬೆಂಗಳೂರು ಅಂಥ ತಾವನ್ನು ಎಂದೂ ಕೊಟ್ಟಿಲ್ಲವೆಂದರೆ ಅನ್ಯಾಯವಾದೀತು. 2015ರಲ್ಲಿ ಸುಲ್ತಾನಪಾಳ್ಯದ ರಸ್ತೆಯೊಂದರಲ್ಲಿ ದೊಡ್ಡ ಹೊಂಡ ಬಿದ್ದು ನೀರು ನಿಂತಿತ್ತು. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಅದಕ್ಕೆ ಬಣ್ಣ ಬಳಿದು ಕೊಳ ಮಾಡಿ, ಒಂದು ಕೃತಕ ಮೊಸಳೆಯನ್ನು ತಂದು ಬಿಟ್ಟರು. ಜನ ಗುಂಪುಗೂಡಿ ನಕ್ಕರು, ಸುದ್ದಿ ದೇಶದ ಆಚೆಗೂ ಹೋಯಿತು, ಹೊಂಡ ಮುಚ್ಚಿತು. 2019ರಲ್ಲಿ ಚಂದ್ರಯಾನ-2ರ ಮಾತು ಎಲ್ಲರ ಬಾಯಲ್ಲಿದ್ದಾಗ, ಗಗನಯಾತ್ರಿಯ ಉಡುಪು ತೊಟ್ಟ ಒಬ್ಬ ನಟರನ್ನು ಅವರು ರಾತ್ರಿಯ ಹೊತ್ತು ಇನ್ನೊಂದು ಹಾಳುರಸ್ತೆಯಲ್ಲಿ ನಡೆಸಿ ಚಿತ್ರ ತೆಗೆದರು. ಚಂದ್ರನ ನೆಲದಂತೆ ತೋರಿದ್ದು ನಮ್ಮದೇ ಬೀದಿಯೆಂದು ತಿಳಿದಾಗ ನಗುವೂ ಬಂತು, ನಾಚಿಕೆಯೂ ಬಂತು.

ಈ ಕೃತಿಗಳ ಸೊಗಸನ್ನು ಗಮನಿಸಿ. ಇವುಗಳಿಗೆ ಪೀಠವಿಲ್ಲ, ಕಬ್ಬಿಣದ ಬೇಲಿಯಿಲ್ಲ. ದಿನವೂ ಆ ಹೊಂಡವನ್ನು ಸುತ್ತಿಹೋಗುವವನೇ ಇವುಗಳ ಪ್ರೇಕ್ಷಕ, ಅವನೇ ಇವುಗಳ ವಸ್ತು. ಕೆಲಸ ಮುಗಿದೊಡನೆ ಕೃತಿ ಅಳಿಯುತ್ತದೆ. ಅಳಿಯುವುದೇ ಅದರ ಸಾರ್ಥಕತೆ.

ಹಾಗೆಂದು ಉಳಿಯುವ ಕಲೆ ಬೇಡವೆನ್ನುವವನು ನಾನಲ್ಲ. ಊರಿಗೆ ಮರಳಿದ ಮೇಲೆ, ನಮ್ಮ ನೆರೆಯ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಗೆ ಮತ್ತೊಮ್ಮೆ ಹೋದೆ. ಭೀಮಾನದಿಯ ದಡದಲ್ಲಿ, ಸನ್ನತಿಯ ಹತ್ತಿರ, ಕಳೆದ ಶತಮಾನದ ತೊಂಬತ್ತರ ದಶಕದ ಉತ್ಖನನದಲ್ಲಿ ಬೆಳಕು ಕಂಡ ಬೌದ್ಧಸ್ತೂಪ ಅದು. ಅದರ ಒಂದು ಶಿಲಾಫಲಕದಲ್ಲಿ ಅರಸನೊಬ್ಬನು ಪರಿವಾರದೊಡನೆ ನಿಂತಿದ್ದಾನೆ; ಜೊತೆಗೆ ಬ್ರಾಹ್ಮೀ ಲಿಪಿಯಲ್ಲಿ 'ರಾಯ ಅಶೋಕೋ' ಎಂದು ಬರೆದಿದೆ. ಭರತಖಂಡದ ಚಕ್ರವರ್ತಿಗೆ ಎರಡೇ ಮಾತು! ಅಷ್ಟೇ ಅಲ್ಲ, ಆ ಸ್ತೂಪಕ್ಕೆ ಕಲ್ಲು ಮಾಡಿಸಿ ಕೊಟ್ಟ ದಾನಿಗಳ ಹೆಸರುಗಳೂ ಅಲ್ಲಿನ ಶಿಲೆಗಳ ಮೇಲಿವೆ. ಚರಿತ್ರೆಯ ಬೇರಾವ ಪುಟದಲ್ಲಿಯೂ ಸಿಗದ ಸಾಮಾನ್ಯರ ಹೆಸರುಗಳು ಚಕ್ರವರ್ತಿಯ ಹೆಸರಿನ ಜೊತೆಗೇ ಸುಮಾರು ಎರಡು ಸಾವಿರ ವರ್ಷ ಬಾಳಿಬಂದಿವೆ.

ಆ ಕಲ್ಲುಗಳ ನಡುವೆ ನಿಂತಾಗ ರೈಲಿನ ನಮ್ಮ ಜನ ನೆನಪಾದರು. ಅವರು ಕಟ್ಟಿಕೊಟ್ಟ ಮಹಡಿಗಳ ಮೇಲೆ ಕಟ್ಟಿಸಿದವರ ಹೆಸರಿದೆ, ಉದ್ಘಾಟಿಸಿದವರ ಹೆಸರಿದೆ. ಹೊತ್ತವರ ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ. ಕೆಲಸ ಮುಗಿದ ಮರುದಿನ ಅವರ ಜೋಪಡಿಯೂ ಅಲ್ಲಿರುವುದಿಲ್ಲ.

ಆದುದರಿಂದ ಈ ದಾರಿಹೋಕನ ಸಲಹೆ ಒಂದೇ. ಕೆಂಪೇಗೌಡರು ಅಲ್ಲಿಯೇ ಇರಲಿ; ಅವರ ಎತ್ತರದಲ್ಲಿ ಒಂದು ಅಂಗುಲವೂ ಕಡಿಮೆಯಾಗುವುದು ಬೇಡ. ಅವರೆದುರಿಗೆ, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳ ಮೂರ್ತಿ ಇರಲಿ. ಆಳೆತ್ತರ ಸಾಕು. ಆಗ ನನ್ನ ಮೊಮ್ಮಗ ತಲೆಯೆತ್ತಬೇಕಾಗಿಲ್ಲ. ಅವಳು ಅವನನ್ನು ನೇರವಾಗಿ ನೋಡುತ್ತಾಳೆ.

(ಆಕಾಶವಾಣಿಯ ಕೃಪೆಯಿಂದ)