ಮೇಣವಿಲ್ಲದ ಮೇಣದಬತ್ತಿ

ನಾವು ‘ಮೇಣದಬತ್ತಿ’ ಎನ್ನುತ್ತೇವೆ. ಮೇಣವೆಂದರೆ ಜೇನುಹುಳು ಕಟ್ಟುವ ಮೇಣ. ಆದರೆ ಅಂಗಡಿಯ ಸಾಮಾನ್ಯ ಬತ್ತಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಅಲ್ಲಿರುವುದು ಪೆಟ್ರೋಲಿಯಮ್ಮಿನಿಂದ ಬಂದ ಪ್ಯಾರಫಿನ್. ಜೊತೆಗೆ, ಬತ್ತಿ ಬಾಗದೆ ಬಿಗಿಯಾಗಿ ನಿಲ್ಲಲೆಂದು ಹಲವು ವೇಳೆ ಬೆರೆಸುವ ಸ್ಟಿಯರಿಕ್ ಆಮ್ಲ.

ಶಿರಸಿಯ ಕಡೆಯ ನಮ್ಮ ಮನೆಯಲ್ಲಿ ದೀಪ ಹೋದ ರಾತ್ರಿಗಳಲ್ಲಿ ನಾನು ಮೇಣದಬತ್ತಿ ಹಚ್ಚಿದರೆ ತಾಯಿಯವರು ಅದನ್ನು ದೇವರ ಕೋಣೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. “ಕೊಬ್ಬಿಂದಡ ತಮಾ” ಎನ್ನುತ್ತಿದ್ದರು. ಆಗತಾನೆ ಎಂ.ಎ. ಮುಗಿಸಿದ್ದ ನಾನು ಪದದ ವ್ಯುತ್ಪತ್ತಿ ಹೇಳಿ ಅವರ ಬಾಯಿ ಮುಚ್ಚಿಸಿದೆ. ಬಹುಕಾಲದ ನಂತರ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು: ಸತ್ಯಕ್ಕೆ ನನಗಿಂತ ಅವರೇ ಹತ್ತಿರವಿದ್ದರು. ‘ಸ್ಟಿಯರ್’ ಎಂಬ ಗ್ರೀಕ್ ಮಾತಿಗೆ ನೆಣವೆಂದೇ ಅರ್ಥ.

ಈ ಆಮ್ಲವನ್ನು ಕೊಬ್ಬಿನಿಂದ ಬೇರ್ಪಡಿಸಿ ಅದರ ಸ್ವರೂಪವನ್ನು ತಿಳಿಸಿದವನು ಫ್ರಾನ್ಸಿನ ಷೆವ್ರಲ್. 1786ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈತ ನೂರನ್ನು ದಾಟಿ ಬದುಕಿದವನು. ಒಂದು ಸಾಬೂನಿನ ಪರೀಕ್ಷೆಯಿಂದ ಆರಂಭವಾದ ಅವನ ಶೋಧ 1823ರಲ್ಲಿ ಗ್ರಂಥವಾಯಿತು. ಕೊಬ್ಬು ಒಂದೇ ವಸ್ತುವಲ್ಲ, ಗ್ಲಿಸರಿನ್ನಿಗೆ ಮೇದಾಮ್ಲಗಳು ಅಂಟಿಕೊಂಡು ಆದದ್ದು ಎಂಬುದು ಅದರ ಸಾರ. 1825ರಲ್ಲಿ ಅವನೂ ಗೇ-ಲ್ಯುಸಾಕನೂ ಸೇರಿ ಈ ಆಮ್ಲದ ಬತ್ತಿಗಳಿಗೆ ಹಕ್ಕುಪತ್ರ ಪಡೆದರು. ವ್ಯಾಪಾರ ಮಾತ್ರ ಕೈಗೂಡಲಿಲ್ಲ. ಪ್ಯಾರಿಸ್ಸಿನಲ್ಲಿ ದ ಮಿಯಿ ಎಂಬಾತ 1830ರ ದಶಕದಲ್ಲಿ ಸುಣ್ಣದಿಂದ ಕೊಬ್ಬನ್ನು ಒಡೆಯುವ ಅಗ್ಗದ ಉಪಾಯ ಹಿಡಿದು ಗೆದ್ದ. ಹಸಿ ನೆಣದ ಬತ್ತಿ ಹೊಗೆಯಾಡುತ್ತಿತ್ತು, ನಾರುತ್ತಿತ್ತು, ಬೇಸಗೆಯಲ್ಲಿ ಕುಸಿಯುತ್ತಿತ್ತು. ಶುದ್ಧ ಸ್ಟಿಯರಿಕ್ ಆಮ್ಲವಾದರೋ ಸುಮಾರು 69 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕರಗದು. ಹೆಣೆದ ಹತ್ತಿಯ ಬತ್ತಿಯೂ ಅದೇ ಕಾಲಕ್ಕೆ ಬಂದದ್ದರಿಂದ ಪದೇ ಪದೇ ಕುಡಿ ಕತ್ತರಿಸುವ ಕೆಲಸ ತಪ್ಪಿತು.

ಇಂದಿನ ಕಾರ್ಖಾನೆಯಲ್ಲಿ ಸುಣ್ಣದ ಕೆಲಸವನ್ನು ಬರಿಯ ನೀರೇ ಮಾಡುತ್ತದೆ. ಎತ್ತರದ ಉಕ್ಕಿನ ಗೋಪುರದಲ್ಲಿ ಕೆಳಗಿನಿಂದ ಕೊಬ್ಬು ಏರುತ್ತದೆ, ಮೇಲಿನಿಂದ ನೀರು ಇಳಿಯುತ್ತದೆ. ಸುಮಾರು 250 ಡಿಗ್ರಿ ಶಾಖ, ವಾಯುಮಂಡಲದ ಐವತ್ತರಷ್ಟು ಒತ್ತಡ. ಆಗ ಕೊಬ್ಬು ಒಡೆದು ಆಮ್ಲಗಳು ಮೇಲಿನಿಂದಲೂ, ಗ್ಲಿಸರಿನ್ ಬೆರೆತ ನೀರು ಕೆಳಗಿನಿಂದಲೂ ಹೊರಬರುತ್ತವೆ. ಈ ನೀರಿಗೆ ಕೆಲಸಗಾರರು ‘ಸಿಹಿನೀರು’ ಎನ್ನುತ್ತಾರಂತೆ. ಪರಿಭಾಷಾ ಸಮಿತಿಗೆ ಇಷ್ಟು ಚೆಲುವಾದ ಮಾತು ಹೊಳೆಯುತ್ತಿತ್ತೆ ಎಂಬ ಸಂದೇಹ ನನಗಿದೆ.

ಬಂದ ಆಮ್ಲಗಳನ್ನು ನಿರ್ವಾತದಲ್ಲಿ ಬಟ್ಟಿಯಿಳಿಸುತ್ತಾರೆ. ಹಿಂದೆ ಅದನ್ನು ತಣಿಸಿ, ಬಟ್ಟೆಯಲ್ಲಿ ಕಟ್ಟಿ, ಯಂತ್ರದಲ್ಲಿ ಅದುಮುತ್ತಿದ್ದರು. ನಮ್ಮ ಗಾಣದಲ್ಲಿ ಎಣ್ಣೆಗೆ ಮಾನ, ಹಿಂಡಿ ದನಕ್ಕೆ. ಇಲ್ಲಿ ತಿರುಗುಮುರುಗು: ಎಣ್ಣೆಯಾಗಿ ಹರಿದುಹೋದದ್ದು ಓಲಿಯಿಕ್ ಆಮ್ಲ, ಉಳಿದ ಬಿಳಿಯ ಹಿಂಡಿಯೇ ಬೇಕಾದದ್ದು. ಮೂರು ಸಲ ಅದುಮಿದ್ದು ಉತ್ತಮ ದರ್ಜೆ. ಅದುಮುವ ಯಂತ್ರ ಬಹುಮಟ್ಟಿಗೆ ಮರೆಯಾದರೂ ‘ಟ್ರಿಪಲ್ ಪ್ರೆಸ್ಡ್’ ಎಂಬ ಹೆಸರು ಮಾರುಕಟ್ಟೆಯಲ್ಲಿ ಉಳಿದಿದೆ, ನಮ್ಮ ಮೇಣದ ಹಾಗೆ. ಆ ಹೆಸರಿನ ಸರಕಿನಲ್ಲಿ ಸುಮಾರು ಅರ್ಧ ಪಾಮಿಟಿಕ್ ಆಮ್ಲವೇ ಇರುತ್ತದೆ. ನಿಕ್ಕಲ್ ಪುಡಿಯ ಸಹಾಯದಿಂದ ಜಲಜನಕವನ್ನು ಸೇರಿಸಿ ಓಲಿಯಿಕ್ ಆಮ್ಲವನ್ನೂ ಸ್ಟಿಯರಿಕ್ಕಾಗಿ ಗಟ್ಟಿಗೊಳಿಸುವ ವಿದ್ಯೆ ಇಪ್ಪತ್ತನೆಯ ಶತಮಾನದ್ದು.

ಬತ್ತಿ ಈಗ ಅದರ ಸಣ್ಣ ಉಪಯೋಗ. ಟೈರಿನ ರಬ್ಬರಿನಲ್ಲಿ ಗಂಧಕ ಚೆನ್ನಾಗಿ ಕೂಡಿಕೊಳ್ಳಲು ಸತುವಿನ ಆಕ್ಸೈಡಿನೊಡನೆ ಇದೂ ಬೇಕು. ಕ್ಷೌರದ ಕ್ರೀಮಿನಲ್ಲಿ ಇದಿದೆ. ಮಾತ್ರೆಗಳು ಅಚ್ಚಿಗೆ ಅಂಟದಿರಲು ಬೆರೆಸುವುದು ಇದರದೇ ಮೆಗ್ನೀಸಿಯಮ್ ಲವಣ. ದೇವರ ಕೋಣೆಯ ಹೊರಗೆ ನಿಲ್ಲಿಸಿದ್ದನ್ನು ತಾಯಿಯವರು ಪ್ರತಿದಿನ ರಕ್ತದೊತ್ತಡದ ಗುಳಿಗೆಯೊಡನೆ ನುಂಗುತ್ತಿದ್ದಿರಬೇಕು. ನಾನು ಹೇಳಲಿಲ್ಲ.

ಇನ್ನೊಂದನ್ನಾದರೂ ಹೇಳಬಹುದಿತ್ತು. ಮುರುಗಲ ಬೀಜವನ್ನು ಜಜ್ಜಿ, ನೀರಿನಲ್ಲಿ ಕುದಿಸಿ, ತೇಲಿದ್ದನ್ನು ತೆಗೆದು ಅವರು ಮುರುಗಲ ತುಪ್ಪ ಮಾಡುತ್ತಿದ್ದರು; ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಅದೇ ಮದ್ದು. ಅದರ ಮೇದಾಮ್ಲಗಳಲ್ಲಿ ಅರ್ಧಕ್ಕೂ ಮಿಕ್ಕಿ ಸ್ಟಿಯರಿಕ್ ಆಮ್ಲವೇ. ಶುದ್ಧಮಾಡಿದ ಮೇಲೆ ದನದ ಕೊಬ್ಬಿನ ಆಮ್ಲಕ್ಕೂ ಮುರುಗಲ ಆಮ್ಲಕ್ಕೂ ರಚನೆಯಲ್ಲಿ ಭೇದವಿಲ್ಲ: ಹದಿನೆಂಟು ಇಂಗಾಲದ ಅದೇ ಸರಪಳಿ. ಎಲ್ಲಿಂದ ಬಂತೆಂಬುದಕ್ಕೆ ಮಾಡಿದವನ ಮಾತೇ ಆಧಾರ. ಈಗ ತಾಳೆಯೆಣ್ಣೆಯದು ಬೇಕಾದಷ್ಟು ಸಿಗುತ್ತದೆ. ಆದರೆ ಅದಕ್ಕಾಗಿ ಸುಮಾತ್ರಾ, ಬೋರ್ನಿಯೋಗಳಲ್ಲಿ ಕಾಡು ಬಿದ್ದಿದೆ. ಹೊಸ್ತಿಲಲ್ಲಿ ನಿಂತು ತಾಯಿಯವರು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ನಾನೂ ಅಂಗಡಿಯವನಿಗೆ ಕೇಳುತ್ತೇನೆ. ಅವನು ಪೊಟ್ಟಣವನ್ನು ತಿರುಗಿಸಿ ಬೆಲೆ ಹೇಳುತ್ತಾನೆ.